ಬಡಗು ಯಾವ ಕಡೆ

ಹಳೆಯ ಫೋಟೋಗಳ ಮೇಲಿನ ಬಿಳಿ ಚುಕ್ಕೆ ಅಳಿಸುವುದು ನನ್ನ ಹೊಟ್ಟೆಪಾಡು. ಕುಮಟಾ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಂದು ಸ್ಟುಡಿಯೋ ನಡೆಸುತ್ತಿದ್ದೇನೆ. ನಮ್ಮ ಕಡೆ ಮಳೆಗಾಲ ಮುಗಿಯುವಷ್ಟರಲ್ಲಿ ಗೋಡೆಯ ಮೇಲಿನ ಫೋಟೋಗಳಿಗೆಲ್ಲ ಬೂಸಲು ಹಿಡಿದಿರುತ್ತದೆ. ಜನ ಅವನ್ನು ಹಳೆಯ ಪೇಪರಿನಲ್ಲಿ ಸುತ್ತಿ ತಂದು, "ಸ್ವಲ್ಪ ಚೊಕ್ಕ ಮಾಡಿಕೊಡು" ಎನ್ನುತ್ತಾರೆ. ನಾನು ಸ್ಕ್ಯಾನ್ ಮಾಡಿ, ಚುಕ್ಕೆಯ ಪಕ್ಕದ ಒಳ್ಳೆಯ ಚರ್ಮದ ಒಂದು ಚೂರನ್ನು ಕಂಪ್ಯೂಟರಿನಲ್ಲಿ ಎತ್ತಿ ಚುಕ್ಕೆಯ ಮೇಲೆ ಹಚ್ಚುತ್ತೇನೆ. ಜೊತೆಯಲ್ಲಿ ಎಂದೂ ಫೋಟೋ ತೆಗೆಸಿಕೊಳ್ಳದ ಗಂಡ ಹೆಂಡತಿಯನ್ನು ಒಂದೇ ಬೆಂಚಿನ ಮೇಲೆ ಕೂರಿಸಿದ್ದೇನೆ. ಬರಿಮೈಯಲ್ಲಿದ್ದ ಅಜ್ಜಂದಿರಿಗೆ ಕೋಟು ತೊಡಿಸಿದ್ದೇನೆ. ಆರು ತಿಂಗಳ ನಂತರ ಅದೇ ಮನೆಯ ಮೊಮ್ಮಗಳು ಪಾಸ್‌ಪೋರ್ಟ್ ಫೋಟೋ ತೆಗೆಸಲು ಬಂದವಳು, "ನಮ್ಮ ಅಜ್ಜ ಯಾವಾಗಲೂ ಕೋಟು ಹಾಕ್ತಿದ್ದ" ಎಂದು ನನಗೇ ಹೇಳಿ ಹೋಗಿದ್ದಾಳೆ. ಹೀಗಾಗಿ ಚೊಕ್ಕವಾದ ನೆನಪು ಕಂಡರೆ ಅದಕ್ಕೆ ತೇಪೆ ಎಲ್ಲಿ ಹಾಕಿದೆ ಎಂದು ಹುಡುಕುವ ಚಾಳಿ ನನಗೆ.

ಈ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ನಮ್ಮ ಮನೆಯಲ್ಲೇ ಆಯಿತು. ಅಮ್ಮ ತೀರಿಕೊಂಡಾಗ ಅವಳ ಒಂದೇ ಒಂದು ಫೋಟೋ ಇತ್ತು, ಮುಖದ ತುಂಬಾ ಬೂಸಲು. ಎರಡು ದಿನ ಕೂತು ಚುಕ್ಕೆ ಚುಕ್ಕೆ ಅಳಿಸಿ, ಕಟ್ಟು ಹಾಕಿಸಿ, ಕುಮಟೆಯ ಹತ್ತಿರ ಕಡಲ ದಡದಲ್ಲಿರುವ ಬಾಡ ಎಂಬ ಊರಿನ ನಮ್ಮ ಮನೆಯ ಗೋಡೆಗೆ ತೂಗಿದೆ. ಅಪ್ಪ ಕೆಳಗೆ ನಿಂತು ಬಹಳ ಹೊತ್ತು ನೋಡಿದ.

"ಚಂದ ಅದೆ. ಇದು ಯಾರು?"

"ಎಂತ ಅಪ್ಪಾ, ಅಮ್ಮ ಅಲ್ಲಾ?"

"ಮೂಗುತಿ ಎಲ್ಲಿ ಹೋತು?"

ಮೂಗುತಿಯ ಹೊಳಪನ್ನು ನಾನು ಬೂಸಲು ಎಂದುಕೊಂಡು ಅಳಿಸಿದ್ದೆ. ಮೂಲ ಫೋಟೋ ಅಷ್ಟರಲ್ಲಿ ಹಾಳಾಗಿತ್ತು, ತಿದ್ದುವ ಮುಂಚಿನ ಸ್ಕ್ಯಾನನ್ನೂ ಇಟ್ಟಿರಲಿಲ್ಲ. ಆಮೇಲೆ ಒಂದು ಬಿಳಿ ಚುಕ್ಕೆಯನ್ನು ನಾನೇ ಅಂದಾಜಿನ ಮೇಲೆ ಇಟ್ಟೆ. ಅಪ್ಪ ಒಪ್ಪಿಕೊಂಡ ಹಾಗೆ ತಲೆಯಾಡಿಸಿದ, ಆದರೆ ಆ ಗೋಡೆಯ ಕಡೆ ಮತ್ತೆ ಅಷ್ಟಾಗಿ ನೋಡಲಿಲ್ಲ. ಆಗ ಅವನ ತಲೆ ಸರಿಯಾಗಿಯೇ ಇತ್ತು. ಇದನ್ನು ಮೊದಲು ಹೇಳಿಬಿಡಬೇಕು, ಯಾಕೆಂದರೆ ಮುಂದಿನ ಕತೆಯಲ್ಲಿ ಯಾರ ತಲೆ ಸರಿ ಇತ್ತು ಎನ್ನುವುದೇ ಪ್ರಶ್ನೆ.

ಅಪ್ಪನಿಗೆ ಈಗ ಎಪ್ಪತ್ತನಾಲ್ಕೋ ಎಪ್ಪತ್ತಾರೋ. ದೊಡ್ಡ ದೋಣಿಗಳ ಕಾಲ ಮುಗಿದ ಮೇಲೆ ಅವನಿಗೆ ಉಳಿದದ್ದು ಒಂದು ಪಾತಿ: ಒಬ್ಬನೇ ಹುಟ್ಟು ಹಾಕಿ ನಡೆಸುವ ಸಣ್ಣ ಮರದ ದೋಣಿ. ಮಳೆಗಾಲ ಬಿಟ್ಟು ವರ್ಷವಿಡೀ ಬೆಳಿಗ್ಗೆ ಅದನ್ನು ನೀರಿಗಿಳಿಸಿ, ಬಾಡದ ಎದುರು ನೀರೊಳಗಿರುವ ಒಂದು ಬಂಡೆಯ ನೇರ ಮೇಲೆ ಪಾತಿ ನಿಲ್ಲಿಸಿ, ಗಾಳ ಬಿಟ್ಟು, ಹತ್ತು ಗಂಟೆಗೆ ಮನೆಗೆ ಬರುತ್ತಿದ್ದ. ಮೀನು ಸಿಕ್ಕಿದರೆ ಸಿಕ್ಕಿತು. ಸಿಗದ ದಿನವೂ ಅವನ ಮುಖ ಅಷ್ಟೇ ನಿರಾಳವಾಗಿರುತ್ತಿತ್ತು.

ಕಡಲಲ್ಲಿ ಆ ಬಂಡೆ ಕಾಣುವುದಿಲ್ಲ. ಅದು ಎಲ್ಲಿದೆ ಎಂದು ತಿಳಿಯುವುದು ದಡ ನೋಡಿ. ಹತ್ತಿರದ ಗುರುತು ಒಂದು, ದೂರದ ಗುರುತು ಒಂದು, ಎರಡೂ ಒಂದರ ಹಿಂದೆ ಒಂದು ನಿಲ್ಲಬೇಕು. ನಮ್ಮ ಮನೆಯ ನೇರಕ್ಕೆ ಹಂಚಿನ ಕಾರ್ಖಾನೆಯ ಚಿಮಣಿ, ಅದರ ಹಿಂದೆ ಗುಡ್ಡದ ನೆತ್ತಿಯಲ್ಲಿ ಕಡಿದ ಹಾಗೆ ತಗ್ಗಾದ ಒಂದು ಕಚ್ಚು. ಚಿಮಣಿ ಹೋಗಿ ಕಚ್ಚಿನಲ್ಲಿ ಕೂತಿತೆಂದರೆ ನೀನು ಮನೆಯ ಎದುರಿಗಿದ್ದಿ. ಚಿಮಣಿ ಕಚ್ಚು ಬಿಟ್ಟು ಬಡಗಿಗೆ, ಅಂದರೆ ಉತ್ತರಕ್ಕೆ, ಸರಿದಂತೆ ಕಂಡರೆ ನೀನು ತೆಂಕಿಗೆ, ದಕ್ಷಿಣಕ್ಕೆ, ಹೋಗಿದ್ದಿ. "ಚಿಮಣಿ ಎತ್ತ ಹೋತೋ ಅತ್ತ ಹೋಗು, ಮನೆ ಸಿಕ್ತದೆ." ಇಷ್ಟೇ ಅವನ ವಿದ್ಯೆ. ಎಡ, ಬಲ ಅವನ ಮಾತಿನಲ್ಲಿ ಬರುವುದು ಉಣ್ಣುವ ಕೈಗೆ ಮತ್ತು ತೊಳೆಯುವ ಕೈಗೆ ಮಾತ್ರ. ಉಳಿದದ್ದೆಲ್ಲ ಬಡಗು, ತೆಂಕು, ಮೂಡು, ಪಡು. ಬಾಯಿಯ ಪಡುವಣ ಬದಿಯ ಹಲ್ಲು ನೋಯುತ್ತದೆ ಎಂದು ಒಮ್ಮೆ ಹೇಳಿದ್ದ. ಅವನು ಯಾವ ಕಡೆ ಮುಖ ಮಾಡಿ ಕೂತಿದ್ದಾನೆಂದು ನೋಡಿ ಅಮ್ಮ ಸರಿಯಾದ ಹಲ್ಲಿಗೇ ಲವಂಗ ಇಟ್ಟಿದ್ದಳು.

ಚಿಮಣಿಯ ಮಾತನ್ನು ನಾನು ಕೇಳಿದ್ದು ದೋಣಿಯಲ್ಲಿ. ಏಳು ವರ್ಷದವಳಿದ್ದೆ. ಪಾತಿಯ ಮೂತಿಯಲ್ಲಿ ಕೂತಿದ್ದೆ, ಬೆಳಗಿನ ಬಿಸಿಲಿತ್ತು, ನೀರಿನ ಮೇಲಿಂದ ಇಡೀ ದಡ ಕಾಣುತ್ತಿತ್ತು. ನಡುವೆ ಚಿಮಣಿ, ಅದರ ಹಿಂದೆ ಗುಡ್ಡ, ದೂರ ಎಡಕ್ಕೆ ಕುಮಟೆಯ ದೀಪಸ್ತಂಭ. ನಮ್ಮ ಮನೆ ಬೆಂಕಿಪೆಟ್ಟಿಗೆಯಷ್ಟಿತ್ತು, ಅಂಗಳದಲ್ಲಿ ಒಣಹಾಕಿದ ಕೆಂಪು ಸೀರೆಯಿತ್ತು. ನಮ್ಮ ಮನೆಯನ್ನು ಹಾಗೆ ಇಡಿಯಾಗಿ ನಾನು ಕಂಡದ್ದು ಅದೊಂದೇ ಸಲ. ಬೇಸರ ಬಂದಾಗೆಲ್ಲ ಆ ಚಿತ್ರವನ್ನು ಹೊರತೆಗೆದು ನೋಡುತ್ತೇನೆ.

ಅಣ್ಣ ಇದನ್ನು ಒಪ್ಪುವುದಿಲ್ಲ. ಅವನು ಹೊನ್ನಾವರದ ಆಚೆ ಕಾಸರಕೋಡಿನಿಂದ ಹೊರಡುವ ಯಂತ್ರದ ದೋಣಿಯೊಂದರ ಚಾಲಕ.

"ನೀ ಎಲ್ಲಿ ಬಂದಿದ್ದೆ ಮಾರಾಯ್ತಿ? ಆಗ ಹೆಣ್ಮಕ್ಕಳನ್ನ ದೋಣಿ ಹತ್ತಿಸ್ತಿದ್ರಾ? ಅದು ನಾನು. ನಾ ಹೇಳೂದನ್ನ ಕೇಳಿ ಕೇಳಿ ನೀ ನಿಂದು ಮಾಡ್ಕಂಡೆ."

"ಮತ್ತೆ ಕೆಂಪು ಸೀರೆ?"

"ಸೀರೆ ನೀನೇ ಸೇರ್ಸಿರ್ತೆ. ಅದೇ ಕೆಲಸ ಅಲ್ಲಾ ನಿಂದು."

ಸಾಕ್ಷಿ ಇದ್ದದ್ದು ಒಬ್ಬನೇ, ಅಪ್ಪ. ಅವನನ್ನು ಕೇಳಬೇಕೆಂದು ಪ್ರತಿ ವರ್ಷ ಅಂದುಕೊಂಡು ಮುಂದೂಡಿದ್ದೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ದಿನ ಅಪ್ಪ ಹತ್ತಕ್ಕೆ ಬರಲಿಲ್ಲ. ಹನ್ನೆರಡಾಯಿತು, ಎರಡಾಯಿತು. ಅಣ್ಣ ಇಬ್ಬರನ್ನು ಕರೆದುಕೊಂಡು ದೋಣಿಯಲ್ಲಿ ಹುಡುಕಲು ಹೊರಡುವಷ್ಟರಲ್ಲಿ ಧಾರೇಶ್ವರದಿಂದ ಫೋನ್ ಬಂತು. ಕುಮಟೆಯನ್ನೂ ದಾಟಿ ತೆಂಕಿಗಿರುವ ಊರು ಅದು. ಅಪ್ಪ ಅಲ್ಲಿ ದಡಕ್ಕೆ ಹತ್ತಿ, ಪಾತಿಯನ್ನು ಅಚ್ಚುಕಟ್ಟಾಗಿ ಕವುಚಿ ಹಾಕಿ, ಎದುರಿಗಿದ್ದ ಮನೆಯ ಜಗಲಿಯಲ್ಲಿ ಹೋಗಿ ಕೂತು, ಚಾ ತರಲು ಹೇಳಿದ್ದ. ಆ ಮನೆಯ ಹೆಂಗಸು ಚಾ ಕೊಟ್ಟು, ಗಂಜಿಯನ್ನೂ ಕೊಟ್ಟಿದ್ದಳು. ನಾವು ಹೋದಾಗ ಅವನು ಅವಳಿಗೆ ಬೈಯುತ್ತಿದ್ದ, ತೆಂಗಿನ ಮಡಲುಗಳನ್ನು ಮಳೆ ಬೀಳುವಲ್ಲಿ ಯಾಕೆ ರಾಶಿ ಹಾಕಿದ್ದೀರಿ ಎಂದು.

"ಬೈಲಿ ಬಿಡಿ," ಎಂದಳು ಅವಳು. "ನಮ್ಮನೆ ಗಂಡಸ್ರಿಗೆ ಯಾರಾದ್ರೂ ಹೇಳ್ಬೇಕಿತ್ತು."

ಅಪ್ಪ ನಮ್ಮನ್ನು ನೋಡಿ ಆಮೇಲೆ ಆ ಜಗಲಿಯನ್ನು ನೋಡಿದ. ಇದು ತನ್ನ ಮನೆಯಲ್ಲ ಎಂದು ಅವನಿಗೆ ತಿಳಿಯಿತು. ಅಣ್ಣ ಪಾತಿಯನ್ನು ದೋಣಿಗೆ ಕಟ್ಟಿ ಬಾಡಕ್ಕೆ ಎಳೆದು ತಂದ. ಮರುದಿನ ಅಣ್ಣ ಪಾತಿಗೆ ಸರಪಳಿ ಹಾಕಿ ತೆಂಗಿನ ಮರಕ್ಕೆ ಬೀಗ ಜಡಿದ.

"ಒಂದಿನ ಗಾಳಿ ಜೋರಿತ್ತು," ಎಂದ ಅಪ್ಪ. "ಅದಕ್ಕೆ ದೋಣಿ ಕಟ್ಟೂದಾ?"

"ಗಾಳಿ ಅಲ್ಲ ಅಪ್ಪಾ. ತಲೆ."

"ತಲೆ ನೀ ಕಂಡ್ಯಾ ಒಳಗೆ?"

"ಕಾಣೂ ಯಂತ್ರ ಅದೆ."

"ಹಾಂಗಾರೆ ಕಾಣ್ಲಿ. ಅದು ಬೇಡ ಅಂದ್ರೆ ನಾನೇ ಪಾತಿ ಒಡೆದು ಒಲೆಗೆ ಹಾಕ್ತೆ. ಬೇಡ ಅನ್ನದಿದ್ರೆ ಬೀಗ ತೆಗಿ."

ಅಣ್ಣ ಒಪ್ಪಿದ. ಹೀಗೆ ಮೆದುಳಿನ ಚಿತ್ರವೊಂದರ ಮೇಲೆ ಒಂದು ಪಾತಿ ನಿಂತಿತು.

ಮೊದಲು ಹೊನ್ನಾವರದಲ್ಲಿ ಪ್ರಶ್ನೆಗಳ ಪರೀಕ್ಷೆ. ಪರೀಕ್ಷೆ ಮಾಡುವ ಹುಡುಗಿ ಒಳ್ಳೆಯವಳು, ಘಟ್ಟದ ಮೇಲಿನ ಊರಿನವಳು, ನಿಧಾನವಾಗಿ ಕೇಳುತ್ತಿದ್ದಳು. ಇವತ್ತು ತಾರೀಖು ಎಷ್ಟು? ಅಪ್ಪನಿಗೆ ಗೊತ್ತಿರಲಿಲ್ಲ, ಆದರೆ ಇವತ್ತು ಪಂಚಮಿ, ನೀರು ಹನ್ನೊಂದರ ಮೇಲೆ ಇಳಿಯುತ್ತದೆ ಎಂದ. ಅವಳು ಏನೋ ಬರೆದುಕೊಂಡಳು. ಆಮೇಲೆ, "ಎದ್ದು ನಿಂತು, ಎಡಕ್ಕೆ ತಿರುಗಿ, ಗೋಡೆ ಮುಟ್ಟಿ ಬನ್ನಿ ಅಜ್ಜಾ" ಎಂದಳು.

ಅಪ್ಪ ಎದ್ದು ನಿಂತ. ಕಿಟಕಿಗೆ ಪರದೆಯಿತ್ತು. ನಾಲ್ಕು ಗೋಡೆಯನ್ನೂ ನೋಡಿದ. ಆಮೇಲೆ ಬಾಗಿಲು ತೆಗೆದು ಹೊರಟೇ ಹೋದ. ನಾನು ಹಿಂದೆ ಓಡಿದೆ. ಅವನು ಆಸ್ಪತ್ರೆಯ ಮೆಟ್ಟಿಲಿನ ಮೇಲೆ ನಿಂತು, ಕೈ ಅಡ್ಡ ಹಿಡಿದು, ಸೂರ್ಯನನ್ನು ನೋಡುತ್ತಿದ್ದ. ನೋಡಿ ವಾಪಸು ಬಂದು, ಕೋಣೆಯೊಳಗೆ ನಿಂತು, "ಈಗ ಹೇಳು ತಂಗಿ, ತೆಂಕಣ ಗೋಡೆಯಾ, ಬಡಗಣದ್ದಾ?" ಎಂದು ಕೇಳಿದ.

ಹುಡುಗಿ ನನ್ನ ಮುಖ ನೋಡಿದಳು. ನಾನು ವಿವರಿಸಿದೆ. ಅವಳು ನಕ್ಕಳು, ಆದರೆ ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಪರೀಕ್ಷೆಯ ನಡುವೆ ಎದ್ದು ಹೋದರು, ದಿಕ್ಕಿನ ಗೊಂದಲ ಎಂದು ಬರೆದುಕೊಂಡಳು. ಅವಳು ಬರೆದದ್ದು ಸುಳ್ಳೆನ್ನಲು ನನಗೆ ಬಾಯಿ ಬರಲಿಲ್ಲ. ಯಾಕೆಂದರೆ ಅದರ ಹಿಂದಿನ ಪ್ರಶ್ನೆ, ಐದು ನಿಮಿಷದ ಹಿಂದೆ ಹೇಳಿದ ಮೂರು ಪದ ಯಾವುವು ಎನ್ನುವುದಕ್ಕೆ ಅಪ್ಪ, "ನೀ ಹೇಳಿದ್ಯಾ?" ಎಂದಿದ್ದ.

ಚಿತ್ರ ತೆಗೆಯುವ ಯಂತ್ರ ಇನ್ನೂ ತೆಂಕಿನ ದೊಡ್ಡ ಊರೊಂದರಲ್ಲಿತ್ತು. ಮಾಮೂಲಿ ಸ್ಕ್ಯಾನ್ ಅಲ್ಲ, ಮೆದುಳಿನೊಳಗೆ ನೀರು ಯಾವ ಕಡೆ ಸರಿಯುತ್ತದೆ ಎಂದು ನೋಡುವ ಹೊಸ ಬಗೆಯದು ಎಂದು ಬರೆದುಕೊಟ್ಟಿದ್ದರು. ಕಿಟಕಿಯೇ ಇಲ್ಲದ ತಣ್ಣನೆಯ ಕೋಣೆ. ಅಪ್ಪನ ಉಡಿದಾರದ ಬೆಳ್ಳಿ ಕಟ್ಟನ್ನೂ ಬಿಚ್ಚಿಸಿ, ಹಸಿರು ಅಂಗಿ ತೊಡಿಸಿ, ಆ ಸುರಂಗದ ಬಾಯಿಯಲ್ಲಿ ಮಲಗಿಸಿದರು. ಅವನು ನನ್ನ ಕೈ ಹಿಡಿದ. ಅವನು ಹೆದರಿದ್ದನ್ನು ನಾನು ಕಂಡದ್ದು ಆಗಲೇ.

"ಮಗಾ, ಬಡಗು ಯಾವ ಕಡೆ?"

ನನಗೆ ಗೊತ್ತಿರಲಿಲ್ಲ. ಮೂರು ಮಹಡಿ ಇಳಿದು, ನಾಲ್ಕು ಕಡೆ ತಿರುಗಿ ಬಂದಿದ್ದೆವು.

"ಕಾಲಿನ ಕಡೆ," ಎಂದೆ. "ನಿನ್ನ ತಲೆ ತೆಂಕಿಗದೆ."

"ಆತು," ಎಂದು ಕಣ್ಣು ಮುಚ್ಚಿದ. ಮುಕ್ಕಾಲು ಗಂಟೆ ಆ ಯಂತ್ರ ಸುತ್ತಿಗೆ ಬಡಿದ ಹಾಗೆ ಬಡಿದುಕೊಂಡರೂ ಅಲುಗಲಿಲ್ಲ. ಹೊರಗೆ ಬಂದ ಮೇಲೆ ತಿರುಗಿದ ತಿರುವುಗಳನ್ನು ಲೆಕ್ಕ ಹಾಕಿ ನೋಡಿದೆ. ಅವನ ತಲೆ ಬಡಗಿಗೇ ಇತ್ತು. ಹೆಣ ಮಲಗಿಸುವ ದಿಕ್ಕು. ನಾನು ಅದನ್ನು ಹೇಳಲಿಲ್ಲ.

ಅವರು ಕೊಟ್ಟ ಸಿ.ಡಿ.ಯನ್ನು ಮರುದಿನ ಸ್ಟುಡಿಯೋದಲ್ಲಿ ಹಾಕಿ ನೋಡಿದೆ. ಬೂದು ಬಣ್ಣದ ಹೋಳು ಹೋಳಾದ ಅಪ್ಪ. ನಡುವಿನ ಹೋಳುಗಳಲ್ಲಿ ಬಿಳಿ ಚುಕ್ಕೆಗಳು, ಕೆಲವು ಸಾಸಿವೆಯಷ್ಟು, ಕೆಲವು ಒಂದಕ್ಕೊಂದು ಕೂಡಿ ಮೋಡದ ಹಾಗಾದವು. ಎಷ್ಟೋ ಮಳೆಗಾಲ ಕಂಡ ಫೋಟೋದ ಹಾಗೆಯೇ. ನನ್ನ ಕೈ ಕೇಳಲಿಲ್ಲ. ಪಕ್ಕದ ಒಳ್ಳೆಯ ಬೂದು ಚೂರನ್ನು ಎತ್ತಿ ಒಂದರ ಮೇಲೆ ಹಚ್ಚಿದೆ, ಎರಡರ ಮೇಲೆ ಹಚ್ಚಿದೆ. ಹತ್ತು ನಿಮಿಷದಲ್ಲಿ ಒಂದು ಹೋಳು ಪೂರ್ತಿ ಚೊಕ್ಕವಾಯಿತು. ತೇಪೆ ಎಲ್ಲೂ ಕಾಣುತ್ತಿರಲಿಲ್ಲ, ಇಪ್ಪತ್ತೆರಡು ವರ್ಷದ ಕೈ. ಅದನ್ನು ನೋಡುತ್ತಾ ಕೂತಾಗ ಮೂಗುತಿ ನೆನಪಾಯಿತು. ತಿದ್ದಿದ್ದನ್ನು ಉಳಿಸದೆ ಫೈಲ್ ಮುಚ್ಚಿದೆ.

ಇನ್ನೊಂದು ಸಮಾಧಾನವನ್ನೂ ನಾನು ಹುಡುಕಿಕೊಂಡಿದ್ದೆ. ಹಂಚಿನ ಕಾರ್ಖಾನೆಯ ಚಿಮಣಿಯನ್ನು ಎಂದೋ ಕೆಡವಿದ್ದಾರೆ. ಅಪ್ಪ ಅದರ ಬದಲಿಗೆ ಅಲ್ಲೇ ಎದ್ದ ಮೊಬೈಲ್ ಟವರನ್ನು ಗುರುತು ಮಾಡಿಕೊಂಡಿದ್ದ. ಹೆದ್ದಾರಿ ಅಗಲ ಮಾಡುವಾಗ ಗುಡ್ಡವನ್ನೂ ಕಡಿದರು, ಹಳೆಯ ಕಚ್ಚಿನ ಬಡಗಿಗೆ ಹೊಸದೊಂದು ಕಚ್ಚು ಬಂತು. ಟವರನ್ನು ಹೊಸ ಕಚ್ಚಿಗೆ ಕೂರಿಸಿದರೆ ದೋಣಿ ತೆಂಕಿಗೇ ಹೋಗುತ್ತದೆ. ಅಂದರೆ ತಪ್ಪಿದ್ದು ಅಪ್ಪನಲ್ಲ, ಊರು. ಎಷ್ಟು ಚಂದದ ಕತೆ. ಒಂದು ಹಾಳೆಯ ಮೇಲೆ ಗೆರೆ ಎಳೆದು ಅಳೆದೂ ನೋಡಿದೆ. ಆ ಕಚ್ಚಿನಿಂದ ಆಗುವ ತಪ್ಪು ಹೆಚ್ಚೆಂದರೆ ಒಂದು ಮೈಲಿ. ಧಾರೇಶ್ವರ ಅಷ್ಟು ಹತ್ತಿರವಿಲ್ಲ.

ಚಿತ್ರ ಓದುವ ಡಾಕ್ಟರು ಶನಿವಾರ ಭಟ್ಕಳಕ್ಕೆ ಬರುತ್ತಿದ್ದರು. ಬಟ್ಟೆ ಅಂಗಡಿಯ ಮೇಲಿನ ಮಾಳಿಗೆ, ಬೆಂಚಿನ ಮೇಲೆ ಬುರ್ಖಾದ ಹೆಂಗಸರು, ಒಬ್ಬಳ ಮಡಿಲಲ್ಲಿ ಎಲೆಯಲ್ಲಿ ಸುತ್ತಿದ ಮಲ್ಲಿಗೆ. ಡಾಕ್ಟರು ಆ ಊರಿನವರೇ, ನಲವತ್ತರ ಹೆಂಗಸು. ನಾವು ಒಳಗೆ ಹೋದಾಗ ಫೋನಿನಲ್ಲಿ ತಾಯಿಯೊಡನೆ ಭಟ್ಕಳದ ಮುಸ್ಲಿಮರ ಕೊಂಕಣಿಯಾದ ನವಾಯತಿಯಲ್ಲಿ ಮಧ್ಯಾಹ್ನದ ಮೀನಿನ ಮಾತಾಡುತ್ತಿದ್ದರು. ಅಪ್ಪನಿಗೆ ಕೊಂಕಣಿ ಬರುತ್ತದೆ, ನವಾಯತಿಯೂ ಅರ್ಧಕ್ಕರ್ಧ ಹಿಡಿಯುತ್ತಾನೆ.

"ತಾರ್ಲೆ ಬೇಡ ಹೇಳಿ ಅವರಿಗೆ," ಎಂದ ಅಪ್ಪ. "ಈ ವಾರ ಬಂಗಡೆ ಒಳ್ಳೇದದೆ."

ಡಾಕ್ಟರು ಫೋನಿನಲ್ಲಿ ಅದನ್ನೇ ಹೇಳಿ ಇಟ್ಟರು. ಆಮೇಲೆ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿ, ಮಗಳಿಗೆ ಹೇಳುವ ದನಿಯಲ್ಲಿ ಶುರು ಮಾಡಿದರು. ಅಪ್ಪ ಕೈ ಎತ್ತಿದ.

"ತಲೆ ನಂದು. ನನ್ನ ಕಡೆ ತಿರುಗ್ಸಿ."

ತಿರುಗಿಸಿದರು. ಅಪ್ಪ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ.

"ಇದರಲ್ಲಿ ತೆಂಕು ಯಾವುದು?"

ಡಾಕ್ಟರಿಗೆ ನಗು ಬರಲಿಲ್ಲ. ಯೋಚಿಸಿದರು. "ನೀವು ಅಂಗಾತ ಮಲಗಿದ್ದೀರಿ. ನಾನು ನಿಮ್ಮ ಕಾಲ ಬುಡದಲ್ಲಿ ನಿಂತು ನೋಡ್ತಾ ಇದ್ದೇನೆ. ಅದಕ್ಕೇ ಚಿತ್ರದಲ್ಲಿ ನಿಮ್ಮ ಬಲ ನನ್ನ ಎಡಕ್ಕೆ ಬಂದಿದೆ."

"ಹಾಂಗಾರೆ ಕಡಲಿಂದ ನೋಡಿದ ಹಾಂಗೆ," ಎಂದ ಅಪ್ಪ. "ದಡದಲ್ಲಿದ್ದವ್ರಿಗೆ ತಿರುಗು ಮುರುಗು."

"ಹೌದು. ಕಡಲಿಂದ ನೋಡಿದ ಹಾಗೇ."

ಬಿಳಿ ಚುಕ್ಕೆಗಳನ್ನು ಮೊದಲು ತೋರಿಸಿದರು. ಮೆದುಳಿನ ಸಣ್ಣ ಸಣ್ಣ ರಕ್ತನಾಳ ಕಟ್ಟಿಕೊಂಡಲ್ಲಿ ಹೀಗೆ ಕಾಣುತ್ತದೆ. ನೆನಪು, ಮಾತು, ಕಣ್ಣು, ಇವೆಲ್ಲ ಒಂದೊಂದು ಕಡೆ ಇರುತ್ತವೆ, ಒಂದರಿಂದ ಒಂದಕ್ಕೆ ಸುದ್ದಿ ಸಾಗಿಸುವ ಎಳೆಗಳೇ ಮೆದುಳಿನ ಬಿಳಿ ಭಾಗ, ಪೆಟ್ಟಾಗಿರುವುದು ಅದಕ್ಕೆ ಎಂದರು. ಆಮೇಲೆ ಹೊಸ ಬಗೆಯ ಚಿತ್ರ ತೆರೆದರು. ಕೆಂಪು, ಹಸಿರು, ನೀಲಿ ಎಳೆಗಳು ಕತ್ತಲೆಯಲ್ಲಿ ಹರಡಿಕೊಂಡಿದ್ದವು.

"ಇದರಲ್ಲಿ ಬಣ್ಣ ಅಂದರೆ ದಿಕ್ಕು. ಒಂದು ಕಿವಿಯಿಂದ ಇನ್ನೊಂದು ಕಿವಿ ಕಡೆ ಹೋಗುವ ಎಳೆ ಕೆಂಪು. ಹಣೆಯಿಂದ ಹಿಂದಕ್ಕೆ ಹಸಿರು. ನೆತ್ತಿಯಿಂದ ಕೆಳಗೆ ನೀಲಿ."

ಅಪ್ಪ ಬಾಯಲ್ಲೇ ಲೆಕ್ಕ ಹಾಕಿದ. ನನ್ನ ಸುಳ್ಳನ್ನು ನಂಬಿ, ತೆಂಕಿಗೆ ತಲೆ ಮಾಡಿ ಮಲಗಿದವನಾಗಿ, "ಹಾಂಗಾರೆ ಕೆಂಪು ಮೂಡು-ಪಡು, ನೀಲಿ ತೆಂಕು-ಬಡಗು," ಎಂದ. ದಿಕ್ಕು ಅದಲು ಬದಲಾಗಿದ್ದರೂ ಗೆರೆ ಅದೇ ಆಗಿತ್ತು. ಅಷ್ಟಕ್ಕೆ ನನಗೆ ಉಸಿರು ಬಂತು.

"ಈ ಯಂತ್ರ ನೋಡೂದು ನೀರನ್ನ," ಎಂದರು ಡಾಕ್ಟರು. "ಎಳೆ ಗಟ್ಟಿಯಿದ್ದಲ್ಲಿ ನೀರು ಅದರ ಉದ್ದಕ್ಕೇ ಸಾಗ್ತದೆ, ಬಣ್ಣ ಜೋರಾಗಿರ್ತದೆ. ಎಳೆ ಹಾಳಾದಲ್ಲಿ ನೀರಿಗೆ ದಾರಿ ಗೊತ್ತಾಗೂದಿಲ್ಲ, ಎಲ್ಲ ಕಡೆ ಹರಡ್ತದೆ. ಬಣ್ಣ ಮಂಕಾಗ್ತದೆ. ಇಲ್ಲಿ ನೋಡಿ. ಇಲ್ಲಿ. ಮಾಮೂಲಿ ಚಿತ್ರದಲ್ಲಿ ಚುಕ್ಕೆ ಕಾಣದ ಜಾಗದಲ್ಲೂ ಮಂಕಾಗಿದೆ."

ಹಸಿರೆಳೆಗಳು ನಡುವೆ ತೆಳ್ಳಗಾಗಿ, ಕೆಲವು ಕಡೆ ಕಡಿದೇ ಹೋಗಿದ್ದವು. ಅಪ್ಪ ಆ ಮಂಕಾದ ಜಾಗದ ಮೇಲೆ ಬೆರಳಿಟ್ಟ.

"ಅಳಿವೆ ಹೂತದೆ," ಎಂದ.

ನದಿ ಕಡಲು ಸೇರುವ ಬಾಯಿಗೆ ನಮ್ಮಲ್ಲಿ ಅಳಿವೆ ಎನ್ನುತ್ತಾರೆ. ಮರಳು ತುಂಬಿದಾಗ ಅಲ್ಲಿ ನೀರು ಕಾಲುವೆ ಬಿಟ್ಟು ತೆಳ್ಳಗೆ ಹರಡಿಕೊಳ್ಳುತ್ತದೆ. ದೋಣಿಗಳು ಒಳಗಿರುತ್ತವೆ, ಮೀನು ಹೊರಗಿರುತ್ತದೆ. ಹೊನ್ನಾವರದ ಅಳಿವೆಯಲ್ಲಿ ಅಣ್ಣನ ದೋಣಿ ಎರಡು ಸಲ ಮರಳಿಗೆ ಕೂತಿದೆ. ಡಾಕ್ಟರಿಗೂ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

"ಹೌದು," ಎಂದರು. "ಹಾಗೇ."

"ಹೂಳು ತೆಗೀಲಿಕ್ಕೆ ಆಗ್ತದ್ಯಾ?"

"ಇಲ್ಲ. ಇನ್ನೂ ತುಂಬದ ಹಾಗೆ ನೋಡಬಹುದು. ರಕ್ತದೊತ್ತಡದ ಮಾತ್ರೆ ಬಿಡಬಾರದು. ಬೀಡಿ ಬಿಡಬೇಕು."

"ಹೂತ ಅಳಿವೆಯಲ್ಲೂ ಉಬ್ಬರದ ಹೊತ್ತಿಗೆ ದೋಣಿ ದಾಟ್ತದೆ," ಎಂದ ಅಪ್ಪ. ಅವನ ದನಿಯಲ್ಲಿ ಚೌಕಾಸಿ ಇತ್ತು. "ನಂಗೆ ಬೆಳಿಗ್ಗೆ ತಲೆ ಸ್ವಚ್ಛ ಇರ್ತದೆ. ಮಧ್ಯಾಹ್ನ ಇಳೀತದೆ. ಕೇಳಿ ಬೇಕಾರೆ ಇವಳನ್ನ."

ಡಾಕ್ಟರು ನನ್ನನ್ನು ಕೇಳಿದರು. ನಿಜ ಎಂದೆ. ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು.

"ಒಬ್ಬರೇ ಹೋಗಬಾರದು. ಅದು ಖಂಡಿತ. ಜೊತೆಗೆ ಯಾರಾದರೂ ಇದ್ದು, ಬೆಳಿಗ್ಗೆ, ದಡ ಕಾಣುವಷ್ಟು ದೂರ... ಹೋಗಿ ಅಂತ ನಾನು ಹೇಳೂದಿಲ್ಲ. ಬೇಡ ಅಂತಲೂ ಬರೆಯೂದಿಲ್ಲ."

ಅಣ್ಣನಿಗೆ ಇದು ಸಾಲಲಿಲ್ಲ. ಅವನ ದೋಣಿ ವಾರಗಟ್ಟಲೆ ಹೊರಗಿರುತ್ತದೆ, ಅವನು ಜೊತೆ ಹೋಗುವಂತಿಲ್ಲ. ಬೇರೆ ಯಾರಿಗೆ ಪುರುಸೊತ್ತಿದೆ? ನಾನು ಹೋಗುತ್ತೇನೆ ಎಂದೆ. ಅವನು ನಕ್ಕ.

"ನೀನು? ನೀರಲ್ಲಿ ಫೋಟೋ ತೆಗೀಲಿಕ್ಕಾ?"

"ನಂಗೆ ಈಜು ಬರ್ತದೆ. ಚಿಮಣಿ ಲೆಕ್ಕವೂ ಬರ್ತದೆ."

"ಒಂದೇ ಸಲ," ಎಂದ ಅಣ್ಣ. "ನಾ ದಡದಲ್ಲಿ ನಿಂತಿರ್ತೆ. ಸರಿ ಹೋದ್ರೆ ಸರಿ. ಎಂತಾದ್ರೂ ಹೆಚ್ಚು ಕಮ್ಮಿ ಆದ್ರೆ ಬೀಗ. ಮತ್ತೆ ನನ್ನ ಕೇಳ್ಬಾರ್ದು."

ಜನವರಿಯ ಒಂದು ಬೆಳಿಗ್ಗೆ ನೀರು ಪಾತಿಯ ಹತ್ತಿರದವರೆಗೆ ಏರಿದಾಗ ಹೊರಟೆವು. ಅಣ್ಣ ನೂಕಿಕೊಟ್ಟ. ಅಪ್ಪ ಹಿಂದೆ ಪಡುವಣಕ್ಕೆ ಮುಖ ಮಾಡಿ ಹುಟ್ಟು ಹಾಕುತ್ತಿದ್ದ, ನಾನು ಮೂತಿಯಲ್ಲಿ ಅವನ ಕಡೆ ತಿರುಗಿ ಕೂತೆ. ಹಾಗಾಗಿ ಇಡೀ ದಡ ನನ್ನೆದುರಿಗಿತ್ತು.

ನಲವತ್ತು ವರ್ಷ ನೋಡಿದ ಚಿತ್ರವನ್ನು ಪಕ್ಕದಲ್ಲಿಟ್ಟು ಹೋಲಿಸಿದೆ. ಚಿಮಣಿಯ ಬದಲು ಟವರ್. ಗುಡ್ಡದ ಮೈ ಕೆಂಪಗೆ ತೆರೆದುಕೊಂಡಿತ್ತು. ಅದೆಲ್ಲ ಇರಲಿ. ಕುಮಟೆಯ ದೀಪಸ್ತಂಭ ನನ್ನ ಬಲಕ್ಕಿತ್ತು. ಬಲಕ್ಕೇ ಇರಬೇಕು: ಕಡಲಿಂದ ಮೂಡಣಕ್ಕೆ ನೋಡಿದರೆ ತೆಂಕು ಬಲಕ್ಕೇ ಬರುತ್ತದೆ. ನನ್ನ ಚಿತ್ರದಲ್ಲಿ ಅದು ಎಡಕ್ಕಿದೆ. ನಮ್ಮ ಅಂಗಳದಲ್ಲಿ ಕಡಲಿಗೆ ಮುಖ ಮಾಡಿ ನಿಂತವರಿಗೆ ಅದು ಎಡಕ್ಕೆ. ಅಂದರೆ ನಾನು ಆ ಚಿತ್ರವನ್ನು ದಡದಲ್ಲಿ ನಿಂತು ಮಾಡಿಕೊಂಡಿದ್ದೆ. ಅಣ್ಣ ಹೇಳಿದ್ದೇ ಸರಿ. ಏಳು ವರ್ಷದ ಹುಡುಗಿ ಅಂಗಳದಲ್ಲಿ ನಿಂತು, ದೂರ ಹೋಗುವ ದೋಣಿಯೊಳಗೆ ತನ್ನನ್ನು ಅಂಟಿಸಿಕೊಂಡಿದ್ದಳು.

ಆದರೂ ಕೇಳಿದೆ. "ಅಪ್ಪಾ, ನಾ ಸಣ್ಣಿರುವಾಗ ನಿನ್ನ ಸಂಗಡ ದೋಣಿಯಲ್ಲಿ ಬಂದಿದ್ನಾ?"

"ಬಂದಿದ್ದೆ ಅಲ್ಲಾ," ಎಂದ, ಹುಟ್ಟು ನಿಲ್ಲಿಸದೆ. "ಅಲ್ಲೇ ಕೂತಿದ್ದೆ. ಕೆಂಪು ಸೀರೆ ನೆನೀತದೆ ಹೇಳಿ ಮೇಲೆತ್ತಿ ಹಿಡ್ಕಂಡಿದ್ದೆ. ಯಾರಿಗೂ ಹೇಳ್ಬೇಡಿ ಅಂದಿದ್ದೆ. ಬಿಸಿಲಿಗೆ ಮೂಗುತಿ ಹೊಳೀತಿತ್ತು."

ನಾನು ಎಂದೂ ಮೂಗು ಚುಚ್ಚಿಸಿಕೊಂಡವಳಲ್ಲ. ಏಳು ವರ್ಷಕ್ಕೆ ಸೀರೆ ಉಟ್ಟವಳೂ ಅಲ್ಲ. ಹೆಂಗಸರನ್ನು ದೋಣಿ ಹತ್ತಿಸದ ಕಾಲದಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿದ್ದನೇ? ಅಥವಾ ಎಲ್ಲೋ ಎರಡು ಎಳೆ ಕಡಿದು, ನೀರು ಹರಡಿಕೊಂಡು, ಅಮ್ಮ ಇಲ್ಲಿ ಬಂದು ಕೂತಳೇ? ತಿದ್ದಲು ಬಾಯಿ ತೆರೆದೆ. ಅವನು ನನ್ನ ಮೂಗಿನ ಕಡೆಯೇ ನೋಡುತ್ತಾ ಹುಟ್ಟು ಹಾಕುತ್ತಿದ್ದ, ಮುಖ ಅಷ್ಟು ನಿರಾಳವಾಗಿತ್ತು. ಆ ಚುಕ್ಕೆಯನ್ನು ಅಲ್ಲೇ ಬಿಟ್ಟೆ.

ಬಂಡೆ ಸಿಕ್ಕಿತು. ಹೇಗೆ ಎಂದು ಕೇಳಬೇಡಿ; ಅವನು ಒಂದು ಸಲ ದಡ ನೋಡಿ, ಒಂದು ಸಲ ನೀರು ನೋಡಿ, ಗಾಳ ಬಿಟ್ಟ. ಎರಡು ಸಣ್ಣ ಮೀನು ಬಂದವು. ಒಂದು ಗಂಟೆ ಕಳೆದಿರಬೇಕು, "ಹೋಗ್ವಾ" ಎಂದು ದೋಣಿ ತಿರುಗಿಸಿದ. ಈಗ ನಾನೂ ತಿರುಗಿ ಕೂತು ದಡ ನೋಡುತ್ತಿದ್ದೆ. ಸ್ವಲ್ಪ ದೂರ ಬರುವಷ್ಟರಲ್ಲಿ ಟವರ್ ಹಳೆಯ ಕಚ್ಚನ್ನು ಬಿಟ್ಟು ಬಡಗಿಗೆ ಸರಿಯತೊಡಗಿತು. ಮೊದಲು ಒಂದು ಬೆರಳು, ಆಮೇಲೆ ಮೂರು ಬೆರಳು. ಹೊಸ ಕಚ್ಚನ್ನೂ ದಾಟಿತು. ಪಾತಿ ನೆಟ್ಟಗೆ ದೀಪಸ್ತಂಭದ ಕಡೆ ಹೊರಟಿತ್ತು. ಗಾಳಿ ಇರಲಿಲ್ಲ. ಹಿಂದೆ ತಿರುಗಿ ನೋಡಿದರೆ ಅಪ್ಪ ಮನೆ ಕಂಡವನ ಹಾಗೆ ಹುಟ್ಟು ಹಾಕುತ್ತಿದ್ದ.

"ಅಪ್ಪಾ, ಚಿಮಣಿ ಬಡಗಿಗೆ ಹೋತು."

ಹುಟ್ಟು ನಿಂತಿತು. ಅವನು ಟವರನ್ನು ನೋಡಿದ, ಗುಡ್ಡವನ್ನು ನೋಡಿದ, ಸೂರ್ಯನನ್ನು ನೋಡಿದ. ಧಾರೇಶ್ವರದ ಜಗಲಿಯಲ್ಲಿ ಕಂಡ ಮುಖ ಒಂದು ಕ್ಷಣ ಬಂದು ಹೋಯಿತು.

"ಚಿಮಣಿ ಎತ್ತ ಹೋತೋ..." ಎಂದೆ.

"ಗೊತ್ತದೆ, ಗೊತ್ತದೆ. ನಂಗೇ ಕಲಿಸ್ತ್ಯಾ?" ಎಂದು ಬಡಗಿಗೆ ತಿರುಗಿಸಿದ. ಟವರ್ ನಿಧಾನವಾಗಿ ಬಂದು ಕಚ್ಚಿನಲ್ಲಿ ಕೂತಿತು.

ಅಣ್ಣ ಸೊಂಟದ ಮಟ್ಟದ ನೀರಿಗೆ ಬಂದು ಪಾತಿ ಹಿಡಿದ. ಅವನ ಕೈಯಲ್ಲಿ ಸರಪಳಿಯ ಬೀಗವಿತ್ತು.

"ಎಂತ ಆತು? ನಡುವೆ ತೆಂಕಿಗೆ ಹೋದ ಹಾಂಗೆ ಕಂಡ್ತು."

ಅಪ್ಪ ಮೀನಿನ ಬುಟ್ಟಿಯನ್ನು ಎತ್ತಿಕೊಳ್ಳುತ್ತಿದ್ದ, ತಲೆ ಎತ್ತಲಿಲ್ಲ. ನೀರಿನ ಸೆಳೆತ ಎಂದು ಹೇಳಬಹುದಿತ್ತು. ಮೀನು ಹುಡುಕಿ ಹೋದೆವು ಎನ್ನಬಹುದಿತ್ತು. ತೇಪೆ ಯಾರಿಗೂ ಕಾಣುತ್ತಿರಲಿಲ್ಲ.

"ದಾರಿ ತಪ್ಪಿತ್ತು," ಎಂದೆ. "ಕುಮಟೆಗೆ ಹೊರಟಿದ್ದ. ನಾ ಕರೆದೆ, ತಿರುಗಿಸಿದ."

ಅಣ್ಣ ಅಪ್ಪನನ್ನು ನೋಡಿದ.

"ಹೌದು," ಎಂದ ಅಪ್ಪ. "ತಪ್ಪಿತ್ತು. ಇವಳು ಕರೆದ್ಲು." ಬುಟ್ಟಿ ಹಿಡಿದು ಮರಳಿನ ಮೇಲೆ ನಾಲ್ಕು ಹೆಜ್ಜೆ ಹೋದವನು ನಿಂತ. "ಪಾತಿ ಒಡೀಬೇಕಾರೆ ಕೊಡಲಿ ಅಟ್ಟದ ಮೇಲದೆ. ತೆಂಕು ಬದಿ."

ಅಣ್ಣ ಉಗುರಿನಿಂದ ಬೀಗದ ಮೇಲಿನ ಉಪ್ಪು ಕೆರೆದ. ಸುಳ್ಳು ಹೇಳಿದ್ದರೆ ಕೀಲಿಯನ್ನು ತನ್ನ ಬಳಿಯೇ ಇಟ್ಟುಕೊಳ್ಳುತ್ತಿದ್ದನೋ ಇಲ್ಲವೋ ನನಗೆ ತಿಳಿಯದು. ಪಾತಿಯನ್ನು ಮೇಲೆಳೆದು, ಮರಕ್ಕೆ ಕಟ್ಟಿ, ಬೀಗ ಹಾಕಿ, ಕೀಲಿಯನ್ನು ನನ್ನ ಕೈಗೆ ಕೊಟ್ಟ.

"ನೀ ಇಲ್ದೆ ತೆಗೀಬಾರ್ದು," ಎಂದ. "ಮತ್ತೆ ಆ ಹೊಸ ಕಚ್ಚು ನೋಡ್ಬೇಡ ಹೇಳು ಅವಂಗೆ. ಸುಳ್ಳು ಅದು."

ಕೀಲಿ ಈಗ ಸ್ಟುಡಿಯೋದಲ್ಲಿ, ಕುಂಚಗಳ ಡಬ್ಬಿಯಲ್ಲಿರುತ್ತದೆ. ನಮ್ಮಿಬ್ಬರಿಂದ ಪಾತಿಯನ್ನು ದೂರ ಎಳೆಯಲಾಗದು, ಬೆಳಿಗ್ಗೆ ನೀರು ಮರದ ಬುಡದವರೆಗೆ ಏರುವ ದಿನ ಮಾತ್ರ ಹೋಗುತ್ತೇವೆ. ಉಬ್ಬರ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ತಡವಾಗುತ್ತದೆ. ಹಾಗಾಗಿ ನನ್ನ ಅಂಗಡಿ ಇವತ್ತು ಹತ್ತಕ್ಕೆ ತೆರೆದರೆ ನಾಳೆ ಹತ್ತೂಮುಕ್ಕಾಲು, ನಾಡಿದ್ದು ಹನ್ನೊಂದೂವರೆ. ಆಮೇಲೆ ಹತ್ತು ದಿನ ಸರಿಯಾಗಿ ಒಂಬತ್ತಕ್ಕೆ. ಮೊನ್ನೆ ಅಜ್ಜಿಯ ಫೋಟೋ ಹಿಡಿದು ಬಾಗಿಲಲ್ಲಿ ಕಾದಿದ್ದ ಮಿರ್ಜಾನದ ಹೆಂಗಸೊಬ್ಬಳು, ನಿನ್ನ ಅಂಗಡಿಗೆ ಹೊತ್ತು ಗೊತ್ತು ಇಲ್ವಾ ಎಂದು ಬೈದಳು. ಉಪ್ಪು ಹಿಡಿದ ಕೈಯಲ್ಲಿ ಫೋಟೋ ತೆಗೆದುಕೊಂಡು ಬೆಳಕಿಗೆ ಹಿಡಿದೆ. ಮೂಗಿನ ಬಳಿ ಒಂದು ಬಿಳಿ ಚುಕ್ಕೆಯಿತ್ತು.

"ಇವರಿಗೆ ಮೂಗುತಿ ಇತ್ತಾ?" ಎಂದು ಕೇಳಿದೆ.

ಅವಳು ಯೋಚಿಸಿದಳು. "ತಮ್ಮನ್ನ ಕೇಳ್ಬೇಕು," ಎಂದಳು.

"ಕೇಳಿ ಬನ್ನಿ," ಎಂದೆ. "ನಾಳೆ ಬರೂದಾದ್ರೆ ಹನ್ನೊಂದೂವರೆ ಮೇಲೆ."